ಹಳೆ ಹಡಗಿನಲ್ಲಿ ಕ್ರೂಸ್ ಹೋಗಬಹುದಾ? ಹೋಗಿ ಬಂದ ಕೊಡಗಿನವರು ಇಲ್ಲಿ ಬರೆಯಿರಿ

ನಾಪೋಕ್ಲು ಕಣಿವೆ:

ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ ನಾವು, ಅಕ್ಕ-ಭಾವ, ಅಮ್ಮ, ಮಕ್ಕಳು ಎಲ್ಲ ಸೇರಿ ಕೊಚ್ಚಿಯಿಂದ ಲಕ್ಷದ್ವೀಪ ನೋಡಿಕೊಂಡು ಮುಂಬೈಗೆ ಹೋಗುವ ಕ್ರೂಸ್ ಹತ್ತಿದ್ದೆವು. ಹಡಗಿಗೆ ಮೂವತ್ತು ವರ್ಷ ದಾಟಿದೆ. ಊರಿಗೆ ಬಂದಾಗಿನಿಂದ ಮದುವೆ ಮನೆಯಲ್ಲಿ, ಸಂತೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಅದು ಹಳೆ ಹಡಗಂತೆ, ಹೆದರಿಕೆ ಆಗಲಿಲ್ವಾ?" ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಮುದ್ರ ನೋಡಬೇಕು ಅಂತಲೇ ಹೊರಡುವವರಿಗೆ ಹಳೆಯ, ಚಿಕ್ಕ ಹಡಗು ತುಂಬಾ ಚೆನ್ನಾಗಿದೆ. ನೀರಿನ ಜಾರುಬಂಡೆ, ದೊಡ್ಡ ಥಿಯೇಟರ್, ಹತ್ತಾರು ಹೋಟೆಲ್ ಬೇಕು ಅನ್ನುವವರು ಹೊಸದಕ್ಕೇ ಹೋಗಿ.

ಹೊಸ ಹಡಗುಗಳ ಗಾತ್ರವೇ ಬೇರೆ. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್ 365 ಮೀಟರ್ ಉದ್ದ, 20 ಡೆಕ್ (ಮಹಡಿ). ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ನಾವು ಹೋದದ್ದರಲ್ಲಿ ಅದರ ಕಾಲುಭಾಗದಷ್ಟು ಜನ ಇದ್ದಿರಬಹುದು. ಮಾರನೇ ದಿನ ಬೆಳಿಗ್ಗೆ ಹೊತ್ತಿಗೆ ಅಮ್ಮನಿಗೆ ಊಟದ ಹಾಲ್, ಲಿಫ್ಟ್, ಮೇಲಿನ ಡೆಕ್ ಎಲ್ಲದರ ದಾರಿ ಗೊತ್ತಾಗಿತ್ತು. ಒಬ್ಬರೇ ಹೋಗಿ ಬರುತ್ತಿದ್ದರು. ನಮ್ಮ ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಅವರಿಗೆ "ಗುಡ್ ಮಾರ್ನಿಂಗ್ ಅಮ್ಮ" ಅನ್ನುತ್ತಿದ್ದ.

ಕ್ಯಾಬಿನ್ ಚಿಕ್ಕದು. ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲಿಕ್ಕೆ ಜಾಗ ಇಲ್ಲ, ಖಾಲಿ ಮಾಡಿ ಮಂಚದ ಕೆಳಗೆ ತಳ್ಳಬೇಕು. ಬಾಲ್ಕನಿ ಇಲ್ಲ, ತೆರೆಯದ ಕಿಟಕಿ ಮಾತ್ರ. ಸ್ನಾನದ ಮನೆಯಲ್ಲಿ ಗಾಜಿನ ಬಾಗಿಲಿನ ಬದಲು ಪರದೆ. ಹಡಗು ವಾಲಿದಾಗಲೆಲ್ಲ ಅದು ಬಂದು ಮೈಗೆ ಅಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಸ್ನಾನದ ಮನೆ ಬಾಗಿಲಿಗೆ ಎತ್ತರದ ಹೊಸಿಲು ಇದೆ. ನೀರು ಕ್ಯಾಬಿನ್ನಿಗೆ ಬರಬಾರದು ಅಂತ ಮಾಡಿದ್ದು. ರಾತ್ರಿ ನಿದ್ದೆಗಣ್ಣಲ್ಲಿ ಎದ್ದ ಅಮ್ಮನ ಹೆಬ್ಬೆರಳಿಗೆ ಚೆನ್ನಾಗಿ ಪೆಟ್ಟಾಯಿತು. ವಯಸ್ಸಾದವರಿದ್ದರೆ ಸ್ನಾನದ ಮನೆ ಲೈಟ್ ಹಾಕಿ ಬಾಗಿಲು ಸ್ವಲ್ಪ ತೆರೆದಿಟ್ಟು ಮಲಗಿ.

ಆದರೆ ಡೆಕ್! ಕಾಲಡಿಗೆ ನಿಜವಾದ ತೇಗದ ಹಲಗೆ. ಹಲಗೆ ಹಲಗೆಯ ನಡುವೆ ಕಪ್ಪು ಗೆರೆ, ನೀರು ಇಳಿಯದ ಹಾಗೆ ತುಂಬಿದ್ದು. ಬಿಸಿಲಲ್ಲಿ ಅದು ಸ್ವಲ್ಪ ಮೆತ್ತಗಾಗುತ್ತದೆ. ಕಂಬಿಯ ಮೇಲಿನ ಮರ ಜನರ ಕೈ ತಾಗಿ ತಾಗಿ ನುಣುಪಾಗಿದೆ. ಹಡಗಿನ ಮೂತಿಯ ಹತ್ತಿರ ಬಣ್ಣದ ಕೆಳಗೆ ಹಿಂದಿನ ಹೆಸರಿನ ಅಕ್ಷರಗಳು ಉಬ್ಬಿಕೊಂಡು ಕಾಣುತ್ತಿದ್ದವು. ಉಕ್ಕಿನ ಮೇಲೆ ವೆಲ್ಡಿಂಗ್ ಮಾಡಿ ಬರೆದಿದ್ದನ್ನು ಆಮೇಲೆ ತಿಕ್ಕಿ ತೆಗೆದು ಬಣ್ಣ ಹೊಡೆದಿದ್ದಾರೆ. ಸಂಜೆ ಓರೆ ಬಿಸಿಲು ಬಿದ್ದಾಗ ಮಾತ್ರ ಓದಬಹುದು. ಮಗಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅಷ್ಟು ವರ್ಷ ಎಷ್ಟು ಸಮುದ್ರ ನೋಡಿದ ಹಡಗಿನ ಮೇಲೆ ನಾವು ನಿಂತಿದ್ದೇವೆ ಅನ್ನಿಸಿ ನನಗೆ ನಿಜಕ್ಕೂ ಸಂತೋಷವಾಯಿತು.

ಇನ್ನೊಂದು ವಿಷಯ. ನೀರು ಹತ್ತಿರ ಇರುತ್ತದೆ. ಬಹಳ ಎತ್ತರದ ಹಡಗಿನ ಮೇಲಿನ ಡೆಕ್‌ನಿಂದ ಹಾರುಮೀನು ಕಾಣುವುದು ಕಷ್ಟ. ನಾವು ಕೆಳಗಿನ ಡೆಕ್‌ನಲ್ಲಿ ನಿಂತು ಬೆಳಿಗ್ಗೆ ಹಾರುಮೀನು ನೋಡಿದೆವು.

ಹೋಗಿ ಬಂದವರು ನಿಮ್ಮದೂ ಬರೆಯಿರಿ. ಹೋಗಬೇಕು ಅಂತಿರುವವರು ಕೇಳಿ.

ವಿರಾಜಪೇಟೆ ಅಕ್ಕ:

ನಿಮ್ಮ ಬರಹ ಓದಿ ಖುಷಿ ಆಯ್ತು. ಆದರೆ ನನ್ನ ಅನುಭವ ಬೇರೆ, ಅದನ್ನೂ ಹೇಳಬೇಕು. ನಾವು ಮಗನ ಜೊತೆ ವಿದೇಶದಲ್ಲಿ ಒಂದು ಹಳೆ ಹಡಗಿನಲ್ಲಿ ಹೋಗಿದ್ದೆವು. ಕಂಪನಿ ಹೆಸರು ಬೇಡ. ಟಿಕೆಟ್ ಅಗ್ಗ ಇತ್ತು ಅಂತ ಮಗ ಬುಕ್ ಮಾಡಿದ್ದ. ಕ್ಯಾಬಿನ್ ಬಾಗಿಲು ತೆರೆದ ಕೂಡಲೇ ಒದ್ದೆ ಕಾರ್ಪೆಟ್ ವಾಸನೆ. ಎಸಿ ಒಂದೋ ಚಳಿ ಹಿಡಿಸುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಒಂದು ದಿನ ನಮ್ಮ ಸಾಲಿನ ಎಲ್ಲ ಕ್ಯಾಬಿನ್‌ಗಳ ಟಾಯ್ಲೆಟ್ ಕೆಲಸ ಮಾಡಲಿಲ್ಲ. ಮೇಲಿನ ಡೆಕ್‌ಗೆ ಹೋಗಿ ಬರಬೇಕಾಯಿತು. ಲಿಫ್ಟ್‌ಗೆ ಕಾದು ಕಾದು ಸಾಕಾಗಿ ನನ್ನ ಯಜಮಾನರು ಮಂಡಿ ನೋವಿನಲ್ಲೇ ಮೆಟ್ಟಿಲು ಹತ್ತಿದರು.

ದೂರು ಕೊಟ್ಟಾಗ "ಹಡಗು ಹಳೆಯದು, ಏನು ಮಾಡುವುದು" ಅಂದರು. ಅದು ನನಗೆ ಸರಿ ಕಾಣಲಿಲ್ಲ. ಹಳೆಯದು ಅಂತ ಗೊತ್ತಿದ್ದ ಮೇಲೆ ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳಬೇಕು ಅಲ್ವಾ? ದುಡ್ಡು ಕೊಟ್ಟವರಿಗೆ ವಯಸ್ಸಿನ ಲೆಕ್ಕ ಹೇಳಬಾರದು.

ಸಿಬ್ಬಂದಿ ಮಾತ್ರ ದೇವರಂಥವರು. ಅದನ್ನು ಮರೆಯುವುದಿಲ್ಲ.

ಗೋಣಿಕೊಪ್ಪ ಇಂಜಿನ್ ರೂಮ್:

ನಾನು ಸರಕು ಹಡಗುಗಳಲ್ಲಿ ಮೆರೈನ್ ಇಂಜಿನಿಯರ್ ಆಗಿದ್ದು ಈಗ ತೋಟ ನೋಡಿಕೊಂಡಿದ್ದೇನೆ. ಇಬ್ಬರು ಹೇಳಿದ್ದೂ ನಿಜ. ಎರಡಕ್ಕೂ ಕಾರಣ ಒಂದೇ, ನಿರ್ವಹಣೆ. ನಮ್ಮ ಕಡೆ ನೂರು ವರ್ಷ ದಾಟಿದ ಐನ್‌ಮನೆಗಳು (ಕುಟುಂಬದ ಮೂಲಮನೆಗಳು) ಗಟ್ಟಿಯಾಗಿ ನಿಂತಿರುವುದು ಮಳೆಗೆ ಮೊದಲು ಯಾರೋ ಹೆಂಚು ಹತ್ತಿ ನೋಡಿದ್ದರಿಂದ. ಹಡಗೂ ಹಾಗೆಯೇ.

ಮೊದಲು ಹೆದರಿಕೆಯ ವಿಷಯ. ಪ್ರಯಾಣಿಕರ ಹಡಗಿಗೆ ಸುರಕ್ಷತಾ ಪ್ರಮಾಣಪತ್ರ ವರ್ಷ ವರ್ಷ ಹೊಸದಾಗಿ ಬೇಕು. ಐದು ವರ್ಷದೊಳಗೆ ಕನಿಷ್ಠ ಎರಡು ಸಲ ಡ್ರೈ ಡಾಕ್‌ಗೆ, ಅಂದರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆಗೆ, ಹಾಕಿ ತಳ ನೋಡಲೇಬೇಕು. ವಯಸ್ಸಾದಂತೆ ತಪಾಸಣೆ ಜಾಸ್ತಿ ಆಗುತ್ತದೆ, ಕಡಿಮೆ ಆಗುವುದಿಲ್ಲ. ಉಕ್ಕಿನ ತಗಡು ಎಷ್ಟು ಸವೆದಿದೆ ಅಂತ ಅಲ್ಟ್ರಾಸೌಂಡ್ ಉಪಕರಣ ಇಟ್ಟು ಅಳೆಯುತ್ತಾರೆ. ತೆಳ್ಳಗಾಗಿದ್ದರೆ ಆ ತುಂಡನ್ನೇ ಕತ್ತರಿಸಿ ಹೊಸದು ಬೆಸೆಯುತ್ತಾರೆ.

ಬೆಂಕಿಯ ನಿಯಮವೂ ಬಿಗಿಯಾಗಿದೆ. ಟೈಟಾನಿಕ್ 1912ರಲ್ಲಿ ಮುಳುಗಿದ ಮೇಲೆ 1914ರಲ್ಲಿ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಬಂತು. ಅದು ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. 2010ರ ಅಕ್ಟೋಬರ್‌ನಿಂದ ಹಳೆಯ ಪ್ರಯಾಣಿಕ ಹಡಗುಗಳಿಗೂ ಬೆಂಕಿ ಹಿಡಿಯುವ ಸಾಮಗ್ರಿಯ ವಿಷಯದಲ್ಲಿ ವಿನಾಯಿತಿ ಹೋಯಿತು. ಒಳಗೆ ಮರದ ಕೆಲಸ ಜಾಸ್ತಿ ಇದ್ದ ಹಡಗುಗಳು ಆಗ ಓಡಾಟ ನಿಲ್ಲಿಸಬೇಕಾಯಿತು. ಈಗ ಓಡುತ್ತಿರುವುದು ಆ ಜರಡಿ ದಾಟಿದ್ದು.

ಅಕ್ಕ ಹೇಳಿದ ಟಾಯ್ಲೆಟ್ ತೊಂದರೆ ವ್ಯಾಕ್ಯೂಮ್ ವ್ಯವಸ್ಥೆಯದ್ದು. ಗಾಳಿಯ ಒತ್ತಡದಲ್ಲಿ ಎಳೆದುಕೊಳ್ಳುವ ಪೈಪ್ ಹಲವು ಕ್ಯಾಬಿನ್‌ಗಳಿಗೆ ಸೇರಿ ಒಂದೇ ಇರುತ್ತದೆ. ಯಾರೋ ಒಬ್ಬರು ಒದ್ದೆ ಟಿಶ್ಯೂ, ಡೈಪರ್ ಹಾಕಿದರೆ ಇಡೀ ಸಾಲು ನಿಲ್ಲುತ್ತದೆ. ಹೊಸ ಹಡಗಿನಲ್ಲೂ ಆಗುತ್ತದೆ. ಹಳೆ ಪೈಪ್‌ನ ಒಳಗೆ ಪದರ ಕಟ್ಟಿ ದಾರಿ ಕಿರಿದಾಗಿರುವುದರಿಂದ ಇನ್ನೂ ಬೇಗ.

ತುಕ್ಕು ನೋಡಿ ಗಾಬರಿ ಆಗಬೇಡಿ. ಉಪ್ಪು ನೀರಿನಲ್ಲಿ ತುಕ್ಕು ಬಂದೇ ಬರುತ್ತದೆ. ಅದನ್ನು ಯಾರಾದರೂ ಕೆರೆದು ಬಣ್ಣ ಹೊಡೆಯುತ್ತಿದ್ದಾರಾ ಅಂತ ನೋಡಿ. ಲೈಫ್‌ಬೋಟ್ ಇಳಿಸುವ ಉಕ್ಕಿನ ಹಗ್ಗ ನೋಡಿ. ಗ್ರೀಸ್ ಹಚ್ಚಿ ಮಿಂಚುತ್ತಿದ್ದರೆ ಆ ಹಡಗಿನಲ್ಲಿ ಕೆಲಸ ನಡೆಯುತ್ತಿದೆ. ಒಣಗಿ ಕೆಂಪಾಗಿದ್ದರೆ ನಾನಾದರೆ ಹತ್ತಲು ಯೋಚಿಸುತ್ತೇನೆ.

ಹೊರಡುವಾಗ ತುರ್ತು ಅಭ್ಯಾಸ ಮಾಡಿಸುತ್ತಾರೆ. ಏಳು ಗಿಡ್ಡ ಸೀಟಿ, ಒಂದು ಉದ್ದ. ನಿಮ್ಮ ಜಾಗ ಯಾವುದು, ಅಲ್ಲಿಗೆ ಮೆಟ್ಟಿಲಲ್ಲಿ ಹೇಗೆ ಹೋಗುವುದು ಅಂತ ಒಮ್ಮೆ ನಡೆದು ನೋಡಿ. ನಮ್ಮವರು ಆ ಹೊತ್ತಿಗೆ ಬಫೆಯಲ್ಲಿ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಸುಂಟಿಕೊಪ್ಪ ಕಾಳುಮೆಣಸು:

ಇಂಜಿನಿಯರ್ ಅಂಕಲ್, ತುಂಬಾ ಉಪಯೋಗ ಆಯ್ತು. ನನ್ನ ಪ್ರಶ್ನೆ ಬೇರೆ. ನಮ್ಮ ಮನೆಯವಳಿಗೆ ಮಾಕುಟ್ಟ ಘಾಟಿ ಇಳಿಯುವಷ್ಟರಲ್ಲಿ ಎರಡು ಕಡೆ ಕಾರು ನಿಲ್ಲಿಸಬೇಕು. ಅವಳನ್ನು ಹಡಗಿಗೆ ಕರೆದುಕೊಂಡು ಹೋಗಬಹುದಾ? ಚಿಕ್ಕ ಹಡಗು ಜಾಸ್ತಿ ಆಡುತ್ತದೆ ಅಂತಾರೆ.

ಗೋಣಿಕೊಪ್ಪ ಇಂಜಿನ್ ರೂಮ್:

ಚಿಕ್ಕದು ಸ್ವಲ್ಪ ಜಾಸ್ತಿ ಆಡುವುದು ನಿಜ. ಆದರೆ ನೀರಿನ ಕೆಳಗೆ ಎರಡೂ ಪಕ್ಕ ರೆಕ್ಕೆಯ ಹಾಗೆ ಸ್ಟೆಬಿಲೈಸರ್ ಇರುತ್ತದೆ. ಬೇಕಾದಾಗ ಹೊರಗೆ ಚಾಚುತ್ತಾರೆ. ಪಕ್ಕಕ್ಕೆ ವಾಲುವುದು ಅದರಿಂದ ಬಹಳ ಕಡಿಮೆ ಆಗುತ್ತದೆ. ಮುಂದೆ ಹಿಂದೆ ಏಳುವುದು ಬೀಳುವುದು ಅಷ್ಟು ಕಡಿಮೆ ಆಗುವುದಿಲ್ಲ. ಅದಕ್ಕೇ ಹಡಗಿನ ಮೂತಿಯ ಕಡೆ, ಹಿಂದುಗಡೆ ಕ್ಯಾಬಿನ್ ಬೇಡ. ನಡುಭಾಗ, ಕೆಳಗಿನ ಡೆಕ್ ತೆಗೆದುಕೊಳ್ಳಿ. ಅಲ್ಲಿ ಚಲನೆ ಕಡಿಮೆ, ದರವೂ ಕಡಿಮೆ.

ಸೋಮವಾರಪೇಟೆ ನರ್ಸ್:

ಘಾಟಿಯಲ್ಲಿ ವಾಂತಿ ಬರುವವರಿಗೆಲ್ಲ ಹಡಗಿನಲ್ಲೂ ಬಂದೇ ಬರುತ್ತದೆ ಅಂತಿಲ್ಲ. ಕಿವಿಯ ಒಳಗಿನ ಸಮತೋಲನದ ಭಾಗ ಹೇಳುವುದೊಂದು, ಕಣ್ಣು ಹೇಳುವುದೊಂದು ಆದಾಗ ಹೊಟ್ಟೆ ತೊಳಸುತ್ತದೆ. ಒಳಗೆ ಮಲಗಿ ಮೊಬೈಲ್ ನೋಡಿದರೆ ಜಾಸ್ತಿ. ಡೆಕ್‌ಗೆ ಬಂದು ದೂರದಲ್ಲಿ ಆಕಾಶ ಸಮುದ್ರ ಸೇರುವ ಗೆರೆ ನೋಡುತ್ತಾ ನಿಂತರೆ ಕಡಿಮೆ. ಖಾಲಿ ಹೊಟ್ಟೆ ಬೇಡ, ಎಣ್ಣೆ ತಿಂಡಿಯೂ ಬೇಡ. ಮಾತ್ರೆ ತೆಗೆದುಕೊಳ್ಳುವುದಾದರೆ ವಾಂತಿ ಶುರು ಆಗುವ ಮೊದಲೇ. ಶುರು ಆದ ಮೇಲೆ ನುಂಗಿದ್ದು ಒಳಗೆ ಉಳಿಯುವುದಿಲ್ಲ. ಬಿಪಿ, ಕಣ್ಣಿನ ಒತ್ತಡ, ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು ನಿಮ್ಮ ಡಾಕ್ಟರ್ ಕೇಳದೆ ಆ ಮಾತ್ರೆ ತೆಗೆದುಕೊಳ್ಳಬೇಡಿ.

ದಿನನಿತ್ಯದ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಬ್ಯಾಗ್ ಕ್ಯಾಬಿನ್ನಿಗೆ ಬರುವಷ್ಟರಲ್ಲಿ ರಾತ್ರಿ ಆಗಬಹುದು.

ಮಡಿಕೇರಿ ಮಂಜು ಮುಸುಕು:

ಊಟ ಹೇಗಿತ್ತು ನಾಪೋಕ್ಲು ಅಕ್ಕ? ನಮ್ಮ ಮನೆಯಲ್ಲಿ ಎಲ್ಲರೂ ಕೇಳುವುದು ಅದೇ. ಪಂದಿಕರಿ ಸಿಗಲ್ಲ ಅಂತ ಗೊತ್ತು, ಅನ್ನ ಸಾರು ಆದರೂ ಇತ್ತಾ?

ನಾಪೋಕ್ಲು ಕಣಿವೆ:

ಅನ್ನ, ಸಾಂಬಾರ್, ಮೊಸರು ದಿನಾ ಇತ್ತು. ಬೆಳಿಗ್ಗೆ ಇಡ್ಲಿ ದೋಸೆ. ಉತ್ತರದ ಕಡೆಯ ಊಟ ಜಾಸ್ತಿ, ಜೈನರಿಗೆ ಬೇರೆಯೇ ಇದೆ. ಮೀನು ಚೆನ್ನಾಗಿತ್ತು. ಸಿಹಿ ವಿಪರೀತ. ಬಫೆಯಲ್ಲಿ ಮೊದಲ ಅರ್ಧ ಗಂಟೆ ನೂಕುನುಗ್ಗಲು, ಆಮೇಲೆ ಹೋದರೆ ಕಿಟಕಿ ಪಕ್ಕದ ಮೇಜು ಸಿಗುತ್ತದೆ.

ಕಾಫಿ ವಿಷಯ ಸ್ವಲ್ಪ ಹೇಳಲೇಬೇಕು. ಮೆಷಿನ್ ಕಾಫಿ. ಕೊಡಗಿನವರಿಗೆ ಅದು ಕುಡಿಯಲಿಕ್ಕೆ ಆಗುವುದಿಲ್ಲ. ಅಮ್ಮ ನಮ್ಮ ತೋಟದ ಪುಡಿ, ಚಿಕ್ಕ ಸ್ಟೀಲ್ ಫಿಲ್ಟರ್ ತಂದಿದ್ದರು. ಕೆಟಲ್, ಇಸ್ತ್ರಿಪೆಟ್ಟಿಗೆ ತರಲು ಬಿಡುವುದಿಲ್ಲ. ಬೆಂಕಿಯ ಭಯಕ್ಕೆ ಆ ನಿಯಮ, ಸರಿಯಾದದ್ದೇ. ಆದ್ದರಿಂದ ಬಫೆಯ ಬಿಸಿನೀರು ತಂದು ಫಿಲ್ಟರ್‌ಗೆ ಹಾಕಿ, ಡಿಕಾಕ್ಷನ್ ಇಳಿಯುವ ತನಕ ಕಾದು, ಅಲ್ಲಿಯದೇ ಬಿಸಿಹಾಲು ಸೇರಿಸಿ ಕುಡಿಯುತ್ತಿದ್ದೆವು. ಮೊದಲ ದಿನ ಪಕ್ಕದ ಮೇಜಿನ ಮುಂಬೈ ದಂಪತಿ ವಾಸನೆ ಹಿಡಿದು ಬಂದರು. ಆಮೇಲೆ ದಿನಾ ಅಮ್ಮ ಅವರಿಗೂ ಸೇರಿಸಿಯೇ ಹಾಕುತ್ತಿದ್ದರು. ಇಳಿಯುವಾಗ ಉಳಿದ ಪುಡಿಯನ್ನು ಅವರಿಗೇ ಕೊಟ್ಟು ಬಂದರು.

ಕುಡಿಯುವವರಿಗೆ ಒಂದು ಮಾತು. ಲಕ್ಷದ್ವೀಪದಲ್ಲಿ ಬಂಗಾರಂ ಬಿಟ್ಟರೆ ಉಳಿದ ಕಡೆ ಪಾನನಿಷೇಧ. ದ್ವೀಪಕ್ಕೆ ಇಳಿಯುವಾಗ ಬಾಟಲಿ ಬ್ಯಾಗಿನಲ್ಲಿ ಇರಬಾರದು.

ಸಿದ್ದಾಪುರ ನದಿದಡ:

ಲಕ್ಷದ್ವೀಪ ಮಾತ್ರ ನೋಡಬೇಕು ಅಂದರೆ ಕ್ರೂಸೇ ಬೇಕಾ ಅಂತ ನನ್ನ ಪ್ರಶ್ನೆ. ಅಲ್ಲಿನ ಆಡಳಿತದ ಪ್ರವಾಸೋದ್ಯಮ ಸಂಸ್ಥೆ ಸ್ಪೋರ್ಟ್ಸ್, ಕೊಚ್ಚಿಯಿಂದ 'ಸಮುದ್ರಂ' ಅನ್ನುವ ಪ್ಯಾಕೇಜ್ ನಡೆಸುತ್ತದೆ. 700 ಜನ ಹಿಡಿಯುವ ಎಂ.ವಿ. ಕವರತ್ತಿ ಹಡಗು. ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತಾರೆ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನಾವು ಹಾಗೆ ಹೋಗಿದ್ದು. ಮನರಂಜನೆ ಏನೂ ಇಲ್ಲ, ಊಟ ಸರಳ. ದ್ವೀಪದವರೇ ಆಸ್ಪತ್ರೆಗೆ, ಕಾಲೇಜಿಗೆ ಅಂತ ಪ್ರಯಾಣ ಮಾಡುವ ಹಡಗು ಅದು. ಅವರ ಜೊತೆ ಮಾತಾಡುತ್ತಾ ಕೂತದ್ದೇ ನಮಗೆ ದೊಡ್ಡ ಅನುಭವ. ಮಿನಿಕಾಯ್‌ನಲ್ಲಿ ಮಾತಾಡುವ ಮಹಲ್ ಭಾಷೆ ಮಲಯಾಳಂ ಅಲ್ಲ, ಮಾಲ್ಡೀವ್ಸ್ ಕಡೆಯದ್ದು. ಅಲ್ಲಿನ ಹಳೆ ದೀಪಸ್ತಂಭ 1885ರದ್ದು.

ಪರ್ಮಿಟ್ ಬೇಕು, ಮೊದಲೇ ವಿಚಾರಿಸಿ.

ನಾಪೋಕ್ಲು ಕಣಿವೆ:

ಒಳ್ಳೆಯ ಮಾಹಿತಿ ಅಣ್ಣ. ದ್ವೀಪವೇ ಮುಖ್ಯ ಆದರೆ ನೀವು ಹೇಳಿದ್ದೇ ಸರಿ. ಕ್ರೂಸ್‌ನಲ್ಲಿ ನಮಗೆ ಅಗತ್ತಿಯಲ್ಲಿ ಸಿಕ್ಕಿದ್ದು ಕೆಲವು ಗಂಟೆ ಅಷ್ಟೇ. ಹಡಗು ಲಗೂನ್ ಒಳಗೆ ಹೋಗುವುದಿಲ್ಲ, ಸುತ್ತ ಹವಳದ ದಿಬ್ಬ, ನೀರು ಆಳ ಇಲ್ಲ. ಹೊರಗೆ ನಿಲ್ಲಿಸಿ ಅಲ್ಲಿಯವರ ದೋಣಿಗೆ ಇಳಿಸುತ್ತಾರೆ. ಹಡಗಿನ ಪಕ್ಕದ ಬಾಗಿಲಿನಿಂದ ಆಡುವ ದೋಣಿಗೆ ಕಾಲಿಡಬೇಕು. ಇಬ್ಬರು ಹುಡುಗರು ತೋಳು ಹಿಡಿದು, ದೋಣಿ ಮೇಲೆ ಬಂದ ಕ್ಷಣಕ್ಕೆ "ಈಗ" ಅಂತಾರೆ. ಅಮ್ಮ ಇಳಿದರು. ನಮ್ಮ ಭಾವ ಮಂಡಿ ಆಪರೇಷನ್ ಆದವರು, ಹಡಗಿನಲ್ಲೇ ಉಳಿದರು. ಸಮುದ್ರ ಒರಟಾಗಿದ್ದರೆ ಯಾರನ್ನೂ ಇಳಿಸುವುದಿಲ್ಲ ಅಂತ ಮೊದಲೇ ಹೇಳಿದ್ದರು.

ಭಾಗಮಂಡಲ ತಪ್ಪಲು:

ಯಾರಿಗೂ ಬೇಸರ ಮಾಡಲು ಅಲ್ಲ, ಮನಸ್ಸಿನಲ್ಲಿದ್ದದ್ದು ಹೇಳುತ್ತೇನೆ. ರಜೆ ಬಂದರೆ ನಮ್ಮ ಮಡಿಕೇರಿ ರಸ್ತೆ ಏನಾಗುತ್ತದೆ ಅಂತ ನಮಗೆ ಗೊತ್ತು. 2018ರ ಆಗಸ್ಟ್ ಮಳೆಯಲ್ಲಿ ಬೆಟ್ಟಗಳು ಕುಸಿದದ್ದನ್ನು ನೋಡಿದವರು ನಾವು. ಬಂದು ಹೋಗುವವರಿಗೆ ಅದು ಒಂದು ವಾರಾಂತ್ಯ, ನಮಗೆ ಮನೆ. 2011ರ ಜನಗಣತಿ ಪ್ರಕಾರ ಇಡೀ ಲಕ್ಷದ್ವೀಪದಲ್ಲಿ ಇರುವವರು ಸುಮಾರು 64 ಸಾವಿರ ಜನ. ಚಿಕ್ಕ ದ್ವೀಪಕ್ಕೆ ಒಂದೇ ಬೆಳಿಗ್ಗೆ ಸಾವಿರಾರು ಜನ ಇಳಿದರೆ ಅಲ್ಲಿನ ಹವಳಕ್ಕೆ, ಕುಡಿಯುವ ನೀರಿಗೆ ಏನಾಗಬೇಕು? ಹೋಗಬೇಡಿ ಅನ್ನುತ್ತಿಲ್ಲ. ಹವಳ ತುಳಿಯಬೇಡಿ, ಚೂರೂ ಎತ್ತಿಕೊಂಡು ಬರಬೇಡಿ. ಅದು ಕಾನೂನಿನ ಪ್ರಕಾರವೂ ಅಪರಾಧ. ಬಾಟಲಿ, ಚಿಪ್ಸ್ ಪ್ಯಾಕೆಟ್ ವಾಪಸ್ ಹಡಗಿಗೆ ತನ್ನಿ.

ಹಳೆ ಹಡಗು ಹೊಗೆ ಜಾಸ್ತಿ ಬಿಡುವುದಿಲ್ವಾ ಇಂಜಿನಿಯರ್ ಸರ್?

ಗೋಣಿಕೊಪ್ಪ ಇಂಜಿನ್ ರೂಮ್:

ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಹಳೆ ಇಂಜಿನ್ ಹೊಸದಕ್ಕಿಂತ ಎಣ್ಣೆ ಜಾಸ್ತಿ ತಿನ್ನುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಗಂಧಕದ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ನಿಯಮ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕ 0.5 ಶೇಕಡಾ ಮೀರುವಂತಿಲ್ಲ. ಮೊದಲು 3.5 ಶೇಕಡಾ ತನಕ ಬಿಡುತ್ತಿದ್ದರು. ಹೊಗೆ ಶುದ್ಧ ಮಾಡುವ ಯಂತ್ರ ಹಾಕಿಸಿಕೊಂಡವರಿಗೆ ಮಾತ್ರ ವಿನಾಯಿತಿ.

ಕುಶಾಲನಗರ ಮೇಷ್ಟ್ರು:

ಹಳೆ ಹಡಗುಗಳ ಕಥೆ ಓದುವುದು ನನಗೆ ಬಹಳ ಇಷ್ಟ, ಅದಕ್ಕೆ ಸ್ವಲ್ಪ ಸೇರಿಸುತ್ತೇನೆ. ಇಂಥ ಹಡಗು ನೋಡಬೇಕು ಅಂತಿದ್ದರೆ ಜಾಸ್ತಿ ಮುಂದಕ್ಕೆ ಹಾಕಬೇಡಿ. ಕೋವಿಡ್ ಬಂದು 2020ರಲ್ಲಿ ಕ್ರೂಸ್ ನಿಂತಾಗ ಹಳೆ ಹಡಗುಗಳಿಗೇ ಮೊದಲ ಪೆಟ್ಟು ಬಿದ್ದದ್ದು. ಮುಂಬೈಯಿಂದ ಓಡುತ್ತಿದ್ದ ಕರ್ಣಿಕಾ 1990ರ ಹಡಗು. ಅದು 2020ರಲ್ಲೇ ಗುಜರಾತಿನ ಅಲಂಗ್‌ನಲ್ಲಿ ಒಡೆಯಲು ಹೋಯಿತು. ಮಾರ್ಕೋ ಪೋಲೋ ಇನ್ನೂ ಹಳೆಯದು. 1965ರಲ್ಲಿ ಸೋವಿಯತ್ ಒಕ್ಕೂಟಕ್ಕಾಗಿ ಪೂರ್ವ ಜರ್ಮನಿಯಲ್ಲಿ ಕಟ್ಟಿದ್ದು, ಆಗಿನ ಹೆಸರು ಅಲೆಕ್ಸಾಂಡರ್ ಪುಷ್ಕಿನ್. ಅದೂ 2021ರ ಆರಂಭದಲ್ಲಿ ಅಲಂಗ್ ಸೇರಿತು.

ಅಲಂಗ್‌ನಲ್ಲೇ ಯಾಕೆ ಅಂದರೆ ಖಂಬಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತ ತುಂಬಾ ದೊಡ್ಡದು. ಉಬ್ಬರದಲ್ಲಿ ಹಡಗನ್ನು ಪೂರ್ತಿ ವೇಗದಲ್ಲಿ ದಡಕ್ಕೆ ಓಡಿಸುತ್ತಾರೆ. ನೀರು ಇಳಿದಾಗ ಅದು ಮಣ್ಣಿನ ಮೇಲೆ ಕೂತಿರುತ್ತದೆ. ಆಮೇಲೆ ಗ್ಯಾಸ್ ಕಟರ್ ಹಿಡಿದು ಕತ್ತರಿಸುತ್ತಾರೆ. ಅಲ್ಲಿ ಕೆಲಸ ಮಾಡುವವರ ಪಾಡು ಕಷ್ಟದ್ದು, ಅದನ್ನೂ ನೆನೆಯಬೇಕು.

ಉಳಿದುಕೊಂಡದ್ದು ಕೆಲವೇ. 1936ರ ಕ್ವೀನ್ ಮೇರಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಹೋಟೆಲ್ ಆಗಿದೆ. ಕ್ಯೂಇ2 (ಕ್ವೀನ್ ಎಲಿಜಬೆತ್ 2) ದುಬೈನಲ್ಲಿ 2018ರಿಂದ ಹೋಟೆಲ್. ಗಲ್ಫ್‌ನಲ್ಲಿ ಮಕ್ಕಳಿರುವ ನಮ್ಮವರು ಎಷ್ಟೋ ಜನ ಇದ್ದಾರೆ. ದುಬೈಗೆ ಹೋದಾಗ ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ.

ವಿರಾಜಪೇಟೆ ಅಕ್ಕ:

ಮೇಷ್ಟ್ರೇ, ನೀವು ಹೇಳುವುದು ಚೆನ್ನಾಗಿದೆ. ಆದರೆ ಹಳೆಯದು ಅನ್ನುವ ಪ್ರೀತಿಗೆ ಒದ್ದೆ ಕಾರ್ಪೆಟ್ ಮೇಲೆ ಮಲಗಲು ನಾನು ಇನ್ನೊಮ್ಮೆ ತಯಾರಿಲ್ಲ. ಇಂಜಿನಿಯರ್ ಅಣ್ಣ ಹೇಳಿದ ಹಾಗೆ ನಿರ್ವಹಣೆ ನೋಡಬೇಕು ಸರಿ, ಬುಕ್ ಮಾಡುವ ಮೊದಲು ಮನೆಯಲ್ಲಿ ಕೂತು ಅದನ್ನು ನೋಡುವುದು ಹೇಗೆ?

ಗೋಣಿಕೊಪ್ಪ ಇಂಜಿನ್ ರೂಮ್:

ಕೊನೆಯ ಡ್ರೈ ಡಾಕ್ ಯಾವಾಗ ಆಯಿತು ಅಂತ ಏಜೆಂಟರ ಹತ್ತಿರ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಇತ್ತೀಚಿನ ಪ್ರಯಾಣಿಕರು ಹಾಕಿದ ವಿಡಿಯೋ ನೋಡಿ. ಕಂಪನಿಯ ಜಾಹೀರಾತಿನ ಫೋಟೋ ನೋಡಿ ನಿರ್ಧರಿಸಬೇಡಿ. ಕ್ಯಾಬಿನ್ ವಾಸನೆ ಬಂದರೆ ಹತ್ತಿದ ಮೊದಲ ಗಂಟೆಯಲ್ಲೇ ರಿಸೆಪ್ಷನ್‌ಗೆ ಹೋಗಿ. ಖಾಲಿ ಕ್ಯಾಬಿನ್ ಇದ್ದರೆ ಆಗ ಸಿಗುತ್ತದೆ, ಮಾರನೇ ದಿನ ಸಿಗುವುದಿಲ್ಲ.

ಪೊನ್ನಂಪೇಟೆ ಗದ್ದೆ:

ಎಲ್ಲ ಓದಿದೆ. ಅಪ್ಪ ವಾಕರ್ ಹಿಡಿದು ನಡೆಯುತ್ತಾರೆ. ಸೈನ್ಯದಲ್ಲಿದ್ದವರು, ದೇಶ ಪೂರ್ತಿ ರೈಲಿನಲ್ಲಿ ಸುತ್ತಿದ್ದಾರೆ, ಹಡಗು ಮಾತ್ರ ಹತ್ತಿಲ್ಲ. ಒಮ್ಮೆ ಹತ್ತಬೇಕು ಅಂತ ಆಸೆ. ಹಳೆ ಹಡಗು ಅವರಿಗೆ ಆಗುತ್ತದಾ?

ನಾಪೋಕ್ಲು ಕಣಿವೆ:

ಆಗುತ್ತದೆ, ಆದರೆ ಮೊದಲೇ ಕೇಳಿಕೊಳ್ಳಬೇಕು. ಸಾಮಾನ್ಯ ಕ್ಯಾಬಿನ್ ಬೇಡ. ನಾನು ಹೇಳಿದ ಹೊಸಿಲು ವಾಕರ್‌ಗೆ ದೊಡ್ಡ ತೊಂದರೆ, ಬಾಗಿಲೂ ಕಿರಿದು. ಗಾಲಿಕುರ್ಚಿಯವರಿಗೆ ಅಂತಲೇ ಕೆಲವು ಕ್ಯಾಬಿನ್ ಇರುತ್ತವೆ. ಹಳೆ ಹಡಗಿನಲ್ಲಿ ಅವು ಬೆರಳೆಣಿಕೆಯಷ್ಟು, ಬೇಗ ಹೋಗುತ್ತವೆ. ಡೆಕ್‌ಗೆ ಹೋಗುವ ಬಾಗಿಲುಗಳು ಭಾರ, ಗಾಳಿ ಇದ್ದರೆ ಒಬ್ಬರೇ ತೆರೆಯಲು ಆಗುವುದಿಲ್ಲ. ಜೊತೆಗೆ ಯಾರಾದರೂ ಇರಲಿ.

ದೋಣಿಗೆ ಇಳಿಸುವ ಮಾರ್ಗ ಅಪ್ಪನಿಗೆ ಬೇಡ. ಹಡಗು ನೇರವಾಗಿ ಬಂದರಿನ ಕಟ್ಟೆಗೆ ನಿಲ್ಲುವಂಥ ಮಾರ್ಗ ನೋಡಿ. ಕೊಚ್ಚಿ, ಗೋವಾ, ಮುಂಬೈ ಮೂರೂ ಹಾಗೆ. ಮಾಕುಟ್ಟ ಇಳಿದು ಕಣ್ಣೂರಿನಿಂದ ರೈಲಿನಲ್ಲಿ ಎರ್ನಾಕುಲಂಗೆ ಹೋಗುವುದಾದರೆ ಹಿಂದಿನ ದಿನವೇ ತಲುಪಿ. ಹಡಗು ಯಾರಿಗೂ ಕಾಯುವುದಿಲ್ಲ.

ಅಪ್ಪನಿಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇರಬೇಕು. ಬೆಳಕು ಹರಿಯುವ ಹೊತ್ತಿಗೆ ಡೆಕ್ ಖಾಲಿ ಇರುತ್ತದೆ, ಹುಡುಗರು ನೀರು ಹಾಕಿ ಉಪ್ಪು ತೊಳೆಯುತ್ತಿರುತ್ತಾರೆ. ಹಲಗೆ ಆಗ ಜಾರುತ್ತದೆ, ಒಣಗಿದ ಮೇಲೆ ನಡೆಸಿ.

ಪೊನ್ನಂಪೇಟೆ ಗದ್ದೆ:

ತುಂಬಾ ಥ್ಯಾಂಕ್ಸ್ ಅಕ್ಕ. ಕೊಚ್ಚಿ-ಮುಂಬೈ ನೇರ ಮಾರ್ಗ ಇದೆಯಾ ಅಂತ ನಾಳೆಯೇ ಏಜೆಂಟರಿಗೆ ಫೋನ್ ಮಾಡುತ್ತೇನೆ, ಡ್ರೈ ಡಾಕ್ ಪ್ರಶ್ನೆಯನ್ನೂ ಕೇಳುತ್ತೇನೆ. ಅವರು ಡೆಕ್ ಪ್ಲಾನ್ ಕಳಿಸಿದರೆ ಇಲ್ಲಿ ಹಾಕುತ್ತೇನೆ. ಇಂಜಿನಿಯರ್ ಅಂಕಲ್, ಯಾವ ಕ್ಯಾಬಿನ್ ಅಂತ ನೋಡಿ ಹೇಳ್ತೀರಾ?

ಗೋಣಿಕೊಪ್ಪ ಇಂಜಿನ್ ರೂಮ್:

ಖಂಡಿತ ಹಾಕಿ. ಲಿಫ್ಟ್‌ಗೆ ಹತ್ತಿರ ಇರಬೇಕು, ಆದರೆ ಅದಕ್ಕೆ ಅಂಟಿಕೊಂಡೇ ಇರಬಾರದು, ರಾತ್ರಿಯೆಲ್ಲ ಸದ್ದು. ಮೇಲಿನ ಡೆಕ್‌ನಲ್ಲಿ ಸರಿಯಾಗಿ ಅದರ ತಲೆ ಮೇಲೆ ಡ್ಯಾನ್ಸ್ ಹಾಲ್ ಅಥವಾ ಅಡುಗೆಮನೆ ಇದೆಯಾ ಅಂತಲೂ ನೋಡೋಣ. ಅಪ್ಪನ ವಾಕರ್ ಅಗಲ ಎಷ್ಟು ಅಂತ ಅಳೆದು ಅದನ್ನೂ ಬರೆಯಿರಿ.